ಸೂಜಿಗಿಂತ ಮೊದಲು ಕಣ್ಣು: ಅರಿವಳಿಕೆ ಪಿಜಿಗಳಿಗೆ ಅಲ್ಟ್ರಾಸೌಂಡ್ ಕಲಿಯುವ ದಾರಿ

ಅರಿವಳಿಕೆ ವಿಭಾಗದಲ್ಲಿ ಎಂ.ಡಿ. ಅಥವಾ ಡಿ.ಎನ್.ಬಿ. ಮಾಡುತ್ತಿರುವವರಿಗಾಗಿ, ಅಂದರೆ ಪಿಜಿಗಳಿಗಾಗಿ, ಈ ಬರಹ. ಮೂರು ವರ್ಷ ಮುಗಿಯುತ್ತಾ ಬಂದರೂ ಅಲ್ಟ್ರಾಸೌಂಡ್ ಮಷಿನ್‌ನ ಪ್ರೋಬ್ (ಮೈಮೇಲೆ ಇಡುವ ಭಾಗ) ಹಿಡಿದಾಗ ಕೈಗೆ ಧೈರ್ಯ ಬಂದಿಲ್ಲ ಅನ್ನುವ ಪಿಜಿಗಳು ಬೇಕಾದಷ್ಟು ಜನ ಇದ್ದಾರೆ. ಬ್ಲಾಕ್ (ನರದ ಸುತ್ತ ಔಷಧ ಕೊಟ್ಟು ಆ ಭಾಗ ಮಾತ್ರ ಮರಗಟ್ಟಿಸುವುದು) ನೋಡಿದ್ದಾರೆ, ವಿಡಿಯೊ ನೋಡಿದ್ದಾರೆ, ವರ್ಕ್‌ಶಾಪ್‌ಗೂ ಹೋಗಿ ಬಂದಿದ್ದಾರೆ. ಆದರೆ ರಾತ್ರಿ ಡ್ಯೂಟಿಯಲ್ಲಿ ಮುಂಗೈ ಮೂಳೆ ಮುರಿದವರೊಬ್ಬರು ಬಂದಾಗ ಕೈ ಜನರಲ್ ಅನಸ್ತೇಷಿಯಾ ಕಡೆಗೇ ಹೋಗುತ್ತದೆ.

ಇದಕ್ಕೆ ಕಾರಣ ಹೆಚ್ಚಾಗಿ ಒಂದೇ. ನೋಡುವುದು ಮತ್ತು ಚುಚ್ಚುವುದು ಎರಡು ಬೇರೆ ವಿದ್ಯೆ. ನಾವು ಎರಡನ್ನೂ ಒಂದೇ ದಿನ, ಒಂದೇ ರೋಗಿಯ ಮೇಲೆ, ಸರ್ಜನ್ ಗಡಿಯಾರ ನೋಡುತ್ತಾ ನಿಂತಿರುವಾಗ ಕಲಿಯಲು ಹೋಗುತ್ತೇವೆ. ಎರಡನ್ನೂ ಬಿಡಿಸಿ ಕಲಿತರೆ ದಾರಿ ಸುಲಭ. ನಾನು ಪಿಜಿಗಳಿಗೆ ಹೇಳಿಕೊಡುವ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಓದಿದ್ದು ಪಕ್ಕದಲ್ಲಿ ನಿಂತು ಕಲಿಸುವ ಕನ್ಸಲ್ಟಂಟ್‌ಗೆ ಬದಲಿ ಆಗುವುದಿಲ್ಲ. ಅವರ ಜೊತೆ ನಿಂತಾಗ ಏನು ಕೇಳಬೇಕು, ಅವರಿಲ್ಲದ ಹೊತ್ತಿನಲ್ಲಿ ಏನು ಅಭ್ಯಾಸ ಮಾಡಬೇಕು ಅನ್ನುವುದಕ್ಕೆ ಇದು ಸಹಾಯ ಮಾಡಬಹುದು.

ಮೊದಲು ಕಾನೂನು

ಬೇರೆ ದೇಶದ ಪುಸ್ತಕಗಳಲ್ಲಿ ಈ ಅಧ್ಯಾಯ ಇರುವುದಿಲ್ಲ. ನಮ್ಮಲ್ಲಿ ಇದೇ ಮೊದಲ ಹೆಜ್ಜೆ. ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆ 1994ರದ್ದು, 2003ರಲ್ಲಿ ತಿದ್ದುಪಡಿಯಾಗಿ ಬಿಗಿಯಾಯಿತು. ಅಲ್ಟ್ರಾಸೌಂಡ್ ಮಷಿನ್ ಇರುವ ಜಾಗ ನೋಂದಣಿ ಆಗಿರಬೇಕು. ನೋಂದಣಿ ಇಲ್ಲದವರಿಗೆ ಮಷಿನ್ ಮಾರುವಂತಿಲ್ಲ. ಅಂದರೆ ಮೊಬೈಲ್‌ಗೆ ಸಿಕ್ಕಿಸುವ ಪುಟ್ಟ ಪ್ರೋಬ್ ಒಂದನ್ನು ಸ್ವಂತ ದುಡ್ಡಲ್ಲಿ ಆನ್‌ಲೈನ್‌ನಲ್ಲಿ ತರಿಸಿಕೊಂಡು ಹಾಸ್ಟೆಲ್‌ನಲ್ಲಿ ಅಭ್ಯಾಸ ಮಾಡುತ್ತೇನೆ ಅನ್ನುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಓದಿನ ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಅದು ತಪ್ಪು. ಕಾಯ್ದೆ ಮೀರಿದವರಿಗೆ ಮೊದಲ ಸಲವೇ 3 ವರ್ಷದವರೆಗೆ ಜೈಲು ಆಗಬಹುದು.

ಕೆಲವು ಪಿಜಿಗಳಿಗೆ ಈ ಬಿಗಿ ಕಿರಿಕಿರಿ ಅನಿಸುತ್ತದೆ. ನನಗೆ ಹಾಗೆ ಅನಿಸುವುದಿಲ್ಲ. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನ್ ಮಾಡಿ ಭ್ರೂಣಲಿಂಗ ಹೇಳುತ್ತಿದ್ದ ಜಾಲ ಬಯಲಾದದ್ದು ನಮ್ಮ ರಾಜ್ಯದಲ್ಲೇ ಅಲ್ವಾ? ಓಟಿಯ (ಆಪರೇಷನ್ ಥಿಯೇಟರ್) ಮಷಿನ್‌ಗೆ ಬೀಗ ಯಾಕೆ, ರಿಜಿಸ್ಟರ್ ಯಾಕೆ ಅನ್ನುವುದಕ್ಕೆ ಅದೇ ಉತ್ತರ.

ಆದ್ದರಿಂದ ವಿಭಾಗಕ್ಕೆ ಸೇರಿದ ಮೊದಲ ವಾರದಲ್ಲೇ ಇಷ್ಟು ಕೇಳಿ ತಿಳಿದುಕೊಳ್ಳಿ. ನಿಮ್ಮ ಓಟಿಯ ಮಷಿನ್ ಯಾವ ಆವರಣಕ್ಕೆ ನೋಂದಣಿಯಾಗಿದೆ? ಅದನ್ನು ಬಳಸಲು ಯಾರ ಹೆಸರಿದೆ, ಪಿಜಿಗಳು ಯಾರ ಮೇಲ್ವಿಚಾರಣೆಯಲ್ಲಿ ಬಳಸಬೇಕು? ಐಸಿಯುಗೆ ಒಯ್ಯಬಹುದೇ? ಬೀಗದ ಕೈ ಯಾರ ಬಳಿ ಇರುತ್ತದೆ, ರಿಜಿಸ್ಟರ್‌ನಲ್ಲಿ ಏನು ಬರೆಯಬೇಕು? ನೋಂದಣಿಯಾದ ಆವರಣದಿಂದ ಮಷಿನ್ ಅನ್ನು ಹೊರಗೆ ಒಯ್ಯಬೇಡಿ, ಕಾಲೇಜಿನ ಸೆಮಿನಾರ್‌ಗೆ ಅಂತ ಕೂಡ. ಗರ್ಭಿಣಿಯ ಮೇಲೆ ಪ್ರೋಬ್ ಇಡುವ ಮೊದಲು, ಬೆನ್ನಿನ ಮೇಲೆ ಸ್ಪೈನಲ್ (ಬೆನ್ನಿಗೆ ಕೊಡುವ ಅರಿವಳಿಕೆ ಚುಚ್ಚುಮದ್ದು) ಜಾಗ ಹುಡುಕುವುದಕ್ಕೇ ಆಗಲಿ, ನಿಮ್ಮ ಆಸ್ಪತ್ರೆಯಲ್ಲಿ ಯಾವ ದಾಖಲೆ ತುಂಬಬೇಕು ಅಂತ ಕನ್ಸಲ್ಟಂಟ್ ಹತ್ತಿರ ಕೇಳಿಯೇ ಮುಂದುವರಿಯಿರಿ. ಅಭ್ಯಾಸಕ್ಕೆ ಗರ್ಭಿಣಿಯರು ಬೇಡವೇ ಬೇಡ.

ಮಷಿನ್‌ನ ಪರಿಚಯ

ಬೆಳಿಗ್ಗೆ ಆಪರೇಷನ್ ಲಿಸ್ಟ್ ಶುರುವಾಗುವ ಮೊದಲು ಮಷಿನ್ ಖಾಲಿ ಇರುತ್ತದೆ. ಅದು ನಿಮ್ಮ ಸಮಯ. ರಾತ್ರಿ ಕೇಸ್‌ಗಳ ನಡುವೆಯೂ ಸಿಗುತ್ತದೆ.

ಪ್ರೋಬ್ ಆರಿಸುವುದು ಕಷ್ಟವಲ್ಲ. ಚರ್ಮದ ಹತ್ತಿರದ ವಸ್ತುವಿಗೆ ಲೀನಿಯರ್, ಸುಮಾರು 6ರಿಂದ 13 ಮೆಗಾಹರ್ಟ್ಸ್. ಕತ್ತಿನ ರಕ್ತನಾಳ, ತೋಳಿನ ನರ, ತೊಡೆಯ ನರ ಎಲ್ಲ ಇದರಲ್ಲಿ ಬರುತ್ತವೆ. ಆಳದ ವಸ್ತುವಿಗೆ ಕರ್ವ್ಡ್, 2ರಿಂದ 5 ಮೆಗಾಹರ್ಟ್ಸ್. ಬೆನ್ನುಮೂಳೆ, ಹೊಟ್ಟೆ ಇದಕ್ಕೆ. ಹೃದಯಕ್ಕೆ ಪಕ್ಕೆಲುಬಿನ ಸಂದಿಯಲ್ಲಿ ಕೂರುವ ಫೇಸ್ಡ್ ಅರೇ. ಫ್ರೀಕ್ವೆನ್ಸಿ ಜಾಸ್ತಿ ಆದಷ್ಟು ಚಿತ್ರ ಸ್ಪಷ್ಟ, ಆದರೆ ಆಳ ಕಡಿಮೆ. ಇಷ್ಟು ತಿಳಿದರೆ ಆಯ್ಕೆ ತಾನಾಗಿ ಬರುತ್ತದೆ.

ಗುಂಡಿಗಳಲ್ಲಿ ನಿಮಗೆ ಬೇಕಾದವು ಕೆಲವೇ: ಡೆಪ್ತ್ (ಎಷ್ಟು ಆಳ ಕಾಣಬೇಕು), ಗೇನ್ (ಚಿತ್ರದ ಬೆಳಕು), ಫೋಕಸ್, ಕಲರ್ ಡಾಪ್ಲರ್ (ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವುದು), ಫ್ರೀಜ್. ಹೊಸಬರು ಡೆಪ್ತ್ ಜಾಸ್ತಿ ಇಟ್ಟುಕೊಂಡು, ಚಿತ್ರದ ಮೇಲಿನ ಕಾಲುಭಾಗದಲ್ಲಿ ಕಡಲೆಕಾಳಷ್ಟು ನರ ಹುಡುಕುತ್ತಿರುತ್ತಾರೆ. ನಿಮ್ಮ ಗುರಿ ಪರದೆಯ ನಡುವೆ ಬರುವಂತೆ ಡೆಪ್ತ್ ಇಳಿಸಿ. ಗೇನ್ ವಿಷಯಕ್ಕೆ ಒಂದು ಸುಲಭ ಪರೀಕ್ಷೆ ಇದೆ. ರಕ್ತನಾಳದ ಒಳಗೆ ಕಪ್ಪಾಗಿಯೇ ಕಾಣಬೇಕು. ಅಲ್ಲಿ ಬೂದು ಬಣ್ಣ ತುಂಬಿದ್ದರೆ ಗೇನ್ ಜಾಸ್ತಿಯಾಗಿದೆ ಅಂತ ಅರ್ಥ.

ಪ್ರೋಬ್‌ನ ಗುರುತು ಯಾವ ಕಡೆ, ಪರದೆಯ ಗುರುತು ಯಾವ ಕಡೆ ಅಂತ ಪ್ರತಿ ಸಲ ನೋಡಿ. ಪ್ರೋಬ್‌ನ ಒಂದು ತುದಿಯನ್ನು ಬೆರಳಿಂದ ಮುಟ್ಟಿ. ಪರದೆಯ ಯಾವ ಕಡೆ ಅಲುಗಾಡಿತು ಅಂತ ನೋಡಿ. ಎರಡು ಸೆಕೆಂಡಿನ ಕೆಲಸ. ಎಡ ಬಲ ತಪ್ಪಿ ಸೂಜಿ ಬೇರೆ ದಿಕ್ಕಿಗೆ ತಿರುಗಿಸುವುದು ಕಲಿಯುವವರಲ್ಲಿ ಸಾಮಾನ್ಯ ತಪ್ಪು.

ಪ್ರೋಬ್‌ನ ಚಲನೆ ನಾಲ್ಕು. ಒತ್ತುವುದು, ಜಾರಿಸುವುದು, ತಿರುಗಿಸುವುದು, ಓರೆ ಮಾಡುವುದು. ಒಂದು ಸಮಯಕ್ಕೆ ಒಂದೇ ಮಾಡಿ. ಚಿತ್ರ ಚೆನ್ನಾಗಿಲ್ಲ ಅಂತ ನಾಲ್ಕನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಯಾಯಿತು ಅಂತ ನಿಮಗೇ ಗೊತ್ತಾಗುವುದಿಲ್ಲ. ಇವುಗಳಲ್ಲಿ ಓರೆ ಮಾಡುವುದಕ್ಕೆ ವಿಶೇಷ ಗಮನ ಕೊಡಿ. ನರ ಮತ್ತು ಸ್ನಾಯುರಜ್ಜು ಎರಡೂ ಅಲೆ ನೇರವಾಗಿ ಬಿದ್ದರೆ ಹೊಳೆಯುತ್ತವೆ, ಸ್ವಲ್ಪ ಓರೆಯಾದರೂ ಮಾಯವಾಗುತ್ತವೆ. ಅನೈಸೋಟ್ರೋಪಿ ಅನ್ನುತ್ತಾರೆ. "ನರ ಕಾಣ್ತಿಲ್ಲ ಸರ್" ಅನ್ನುವ ದೂರಿನಲ್ಲಿ ಬಹುಪಾಲು ಇದೇ. ಜಾಗ ಸರಿಯಾಗಿರುತ್ತದೆ, ಓರೆ ಸರಿಯಾಗಿರುವುದಿಲ್ಲ.

ನಿಮ್ಮದೇ ಕೈ ಮೇಲೆ ಶುರು ಮಾಡಿ

ಬಲಗೈಯವರಾದರೆ ನಿಮ್ಮ ಎಡ ಮುಂಗೈಯೇ ಮೊದಲ ಪಾಠ. ಮಣಿಕಟ್ಟಿನ ನಡುವೆ ಲೀನಿಯರ್ ಪ್ರೋಬ್ ಅಡ್ಡವಾಗಿ ಇಡಿ. ಅಲ್ಲಿ ಮೀಡಿಯನ್ ನರವೂ ಇದೆ, ಸುತ್ತ ಸ್ನಾಯುರಜ್ಜುಗಳೂ ಇವೆ, ನೋಡಲು ಎಲ್ಲ ಒಂದೇ ಥರ. ಯಾವುದು ಯಾವುದು ಅಂತ ಊಹಿಸಬೇಡಿ. ಮೇಲಕ್ಕೆ, ಮೊಣಕೈ ಕಡೆಗೆ ನಿಧಾನ ಜಾರಿಸುತ್ತಾ ಹೋಗಿ. ಸ್ನಾಯುರಜ್ಜುಗಳು ಒಂದೊಂದಾಗಿ ಮಾಂಸದಲ್ಲಿ ಕರಗಿ ಹೋಗುತ್ತವೆ. ನರ ಮಾತ್ರ ಉಳಿಯುತ್ತದೆ. ಮುಂಗೈ ನಡುವೆ ಎರಡು ಪದರ ಮಾಂಸದ ಮಧ್ಯೆ ಜೇನುಗೂಡಿನ ಥರ ಚುಕ್ಕೆಚುಕ್ಕೆಯಾಗಿ ಹೊಳೆಯುವುದು ಅದೇ. ಅದನ್ನು ಬಿಡದೆ ಮೊಣಕೈವರೆಗೆ ಹಿಂಬಾಲಿಸಿ, ಅಲ್ಲಿ ಬ್ರೇಕಿಯಲ್ ಅಪಧಮನಿಯ ಒಳಬದಿಗೆ ಬರುತ್ತದೆ. ಮುಂದೆ ಕಂಕುಳದವರೆಗೂ ಹೋಗಿ.

ಆಮೇಲೆ ಅಲ್ನಾರ್ ನರ. ಅಲ್ನಾರ್ ಅಪಧಮನಿಯ ಪಕ್ಕ, ಕಿರುಬೆರಳಿನ ಕಡೆ ಇರುತ್ತದೆ. ಮೇಲಕ್ಕೆ ಹೋಗುತ್ತಾ ಎಲ್ಲಿ ಅಪಧಮನಿ ಮತ್ತು ನರ ಬೇರೆಯಾಗುತ್ತವೆ ಅಂತ ಕಂಡುಹಿಡಿಯಿರಿ. ಕೊನೆಗೆ ರೇಡಿಯಲ್. ತೋಳಿನ ಹೊರಬದಿಯಲ್ಲಿ, ಮೂಳೆಗೆ ಅಂಟಿಕೊಂಡು ಸುತ್ತುವ ಜಾಗದಲ್ಲಿ ಹಿಡಿದು ಕೆಳಗೆ ಬನ್ನಿ. ಮೂರನ್ನೂ ತಡವರಿಸದೆ ಹಿಂಬಾಲಿಸಲು ಬಂದ ದಿನ ನಿಮ್ಮ ಕಣ್ಣು ತಯಾರಾಗಿದೆ ಅಂತ ತಿಳಿಯಿರಿ. ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಒಂದೇ ಚಿತ್ರ ನೋಡಿ "ಇದು ನರ" ಅನ್ನುವುದು ಊಹೆ. ಹಿಂಬಾಲಿಸಿ ನೋಡಿ ಹೇಳುವುದು ತಿಳಿವಳಿಕೆ. ಮುಂದೆ ಎಲ್ಲ ಬ್ಲಾಕ್‌ಗಳಲ್ಲೂ ನಿಮ್ಮನ್ನು ಕಾಪಾಡುವ ಅಭ್ಯಾಸ ಇದೇ.

ಬೇರೆ ಪಿಜಿಗಳ ಕತ್ತು, ತೊಡೆ, ಮಂಡಿಯ ಹಿಂಭಾಗವನ್ನೂ ಅವರ ಒಪ್ಪಿಗೆ ಪಡೆದು ನೋಡಿ. ದಪ್ಪಗಿರುವವರು, ತೆಳ್ಳಗಿರುವವರು, ಇಬ್ಬರನ್ನೂ. ಪುಸ್ತಕದ ಚಿತ್ರ ಯಾವಾಗಲೂ ತೆಳ್ಳಗಿನವರದ್ದು.

ಸೂಜಿಯ ಅಭ್ಯಾಸ ಜೆಲ್ಲಿಯ ಮೇಲೆ

ದುಬಾರಿ ಫ್ಯಾಂಟಮ್ (ಅಭ್ಯಾಸಕ್ಕೆ ಮಾಡಿದ ಮಾದರಿ) ಇಲ್ಲ ಅಂತ ಕೂರಬೇಡಿ. ಅಂಗಡಿಯಲ್ಲಿ ಸಿಗುವ ಅಗರ್ ಪುಡಿಯನ್ನು ಒಂದು ಲೀಟರ್ ನೀರಿಗೆ 30 ಗ್ರಾಂ ಲೆಕ್ಕದಲ್ಲಿ ಕುದಿಸಿ. ಎರಡು ಮೂರು ಚಮಚ ಇಸಬ್ಗೋಲ್ ಹೊಟ್ಟು ಕಲಸಿ, ಗಂಟಾಗಬಾರದು. ಆ ಹೊಟ್ಟಿನಿಂದ ಚಿತ್ರ ಮಾಂಸದ ಹಾಗೆ ಬೂದಾಗಿ ಬರುತ್ತದೆ. ಇಲ್ಲದಿದ್ದರೆ ಎಲ್ಲ ಕಪ್ಪು, ಸೂಜಿ ಸುಲಭವಾಗಿ ಕಂಡುಬಿಡುತ್ತದೆ, ಅಭ್ಯಾಸದ ಬೆಲೆ ಹೋಗುತ್ತದೆ. ಡಬ್ಬಿಯಲ್ಲಿ ಅರ್ಧ ಹೊಯ್ದು, ಸ್ವಲ್ಪ ಗಟ್ಟಿಯಾದ ಮೇಲೆ ನೀರು ತುಂಬಿ ಗಂಟು ಹಾಕಿದ ಗ್ಲೌಸ್ ಬೆರಳೊಂದನ್ನು ಇಟ್ಟು ಉಳಿದರ್ಧ ಹೊಯ್ಯಿರಿ. ಅದು ನಿಮ್ಮ ರಕ್ತನಾಳ. ಫ್ರಿಜ್‌ನಲ್ಲಿ ಇಟ್ಟರೆ ಕೆಲವು ದಿನ ಬರುತ್ತದೆ. ಕೋಳಿ ಎದೆಮಾಂಸ ಇನ್ನೂ ನೈಜ, ಆದರೆ ಪ್ರೋಬ್‌ಗೆ ಕವರ್ ಹಾಕಿ, ಮುಗಿದ ಮೇಲೆ ಚೆನ್ನಾಗಿ ಒರೆಸಿ. ರೋಗಿಗೆ ಬಳಸಿದ ಸೂಜಿ ಇಲ್ಲಿಗೆ ಬೇಡ.

ಈಗ ಮುಖ್ಯ ಮಾತು. ಅಲ್ಟ್ರಾಸೌಂಡ್ ಅಲೆಯ ದಪ್ಪ ಒಂದೆರಡು ಮಿಲಿಮೀಟರ್ ಅಷ್ಟೆ. ಸೂಜಿಯೂ ಅಷ್ಟೇ ಸಣ್ಣದು. ಎರಡನ್ನೂ ಒಂದೇ ಸಮತಲದಲ್ಲಿ ಇಟ್ಟುಕೊಳ್ಳುವುದೇ ಇಡೀ ವಿದ್ಯೆ. ಇನ್-ಪ್ಲೇನ್ ವಿಧಾನದಲ್ಲಿ ಸೂಜಿಯ ಪೂರ್ತಿ ಉದ್ದ ಕಾಣಬೇಕು. ಸೂಜಿ ಸ್ವಲ್ಪ ಪಕ್ಕಕ್ಕೆ ಹೋದರೆ ಅದರ ನಡುಭಾಗ ಮಾತ್ರ ಅಲೆಯಲ್ಲಿ ಉಳಿಯುತ್ತದೆ. ಪರದೆಯಲ್ಲಿ ಸೂಜಿ ಅಲ್ಲಿಗೇ ಮುಗಿದ ಹಾಗೆ ಕಾಣುತ್ತದೆ. ನೀವು ಅದನ್ನೇ ತುದಿ ಅಂದುಕೊಳ್ಳುತ್ತೀರಿ. ನಿಜವಾದ ತುದಿ ಇನ್ನೂ ಒಂದು ಸೆಂಟಿಮೀಟರ್ ಮುಂದೆ, ಕಾಣದ ಜಾಗದಲ್ಲಿ ಇರುತ್ತದೆ. ಅಲ್ಲಿ ಪ್ಲೂರಾ (ಶ್ವಾಸಕೋಶದ ಹೊರಪೊರೆ) ಇರಬಹುದು, ಅಪಧಮನಿ ಇರಬಹುದು.

2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹೊಸಬರಾದ ಅರಿವಳಿಕೆ ರೆಸಿಡೆಂಟ್‌ಗಳು ಮಾಡಿದ 520 ಬ್ಲಾಕ್‌ಗಳನ್ನು ವಿಡಿಯೊದಲ್ಲಿ ಪರಿಶೀಲಿಸಿದರು. ಹೆಚ್ಚು ಕಂಡ ತಪ್ಪುಗಳು ಎರಡು. ಸೂಜಿ ಕಾಣದಿದ್ದರೂ ಮುಂದಕ್ಕೆ ತಳ್ಳುವುದು ಒಂದು. ಗೊತ್ತಿಲ್ಲದೆ ಪ್ರೋಬ್ ಕದಲಿಸುವುದು ಇನ್ನೊಂದು. ನಮ್ಮ ಓಟಿಗಳಲ್ಲಿ ನಾನು ದಿನವೂ ನೋಡುವುದು ಇದೇ ಎರಡು. ಇವೆರಡನ್ನು ಜೆಲ್ಲಿಯ ಮೇಲೇ ತಿದ್ದಿಕೊಂಡರೆ ರೋಗಿಯ ಮೇಲೆ ತಿದ್ದಬೇಕಾಗಿ ಬರುವುದಿಲ್ಲ.

ಅಭ್ಯಾಸ ಹೀಗೆ ಮಾಡಿ. ಪ್ರೋಬ್ ಹಿಡಿದ ಕೈಯ ಕಿರುಬೆರಳ ಬದಿಯನ್ನು ಡಬ್ಬಿಯ ಅಂಚಿಗೆ ಊರಿ. ರೋಗಿಯಾದರೆ ಅವರ ಮೈಗೆ ಊರಬೇಕು. ಗಾಳಿಯಲ್ಲಿ ತೇಲುವ ಕೈ ಕದಲಿಯೇ ಕದಲುತ್ತದೆ. ಮಷಿನ್ ನಿಮ್ಮ ಎದುರಿಗೆ, ಕೈ ಮತ್ತು ಪರದೆ ಒಂದೇ ಗೆರೆಯಲ್ಲಿ ಬರುವಂತೆ ಇಡಿ. ತಲೆ ತಿರುಗಿಸಿ ನೋಡುವ ಹಾಗಿದ್ದರೆ ಜಾಗ ತಪ್ಪು. ಟೇಬಲ್ ಎತ್ತರ ಸರಿ ಮಾಡಿ. ಗುರಿ ಆಳದಲ್ಲಿದ್ದರೆ ಪ್ರೋಬ್‌ನ ಅಂಚಿಗೆ ಅಂಟಿಸಿ ಚುಚ್ಚಬೇಡಿ. ಒಂದೆರಡು ಸೆಂಟಿಮೀಟರ್ ದೂರದಿಂದ ಶುರು ಮಾಡಿದರೆ ಸೂಜಿ ಹೆಚ್ಚು ಮಲಗಿದ ಹಾಗೆ ಹೋಗುತ್ತದೆ, ಚೆನ್ನಾಗಿ ಹೊಳೆಯುತ್ತದೆ.

ತುದಿ ಕಳೆದುಹೋದರೆ ಸೂಜಿಯನ್ನು ನಿಲ್ಲಿಸಿ. ಮೊದಲು ಕಣ್ಣು ಕೆಳಗೆ ತಂದು ನಿಮ್ಮ ಕೈ ನೋಡಿ. ಸೂಜಿ ಮತ್ತು ಪ್ರೋಬ್ ಒಂದೇ ಗೆರೆಯಲ್ಲಿದೆಯೇ ಅಂತ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಪ್ರೋಬ್ ಮಾತ್ರ ಕದಲಿಸಿ ತುದಿ ಹುಡುಕಿ. ಸೂಜಿ ಮತ್ತು ಪ್ರೋಬ್ ಎರಡನ್ನೂ ಒಟ್ಟಿಗೆ ಕದಲಿಸಬೇಡಿ. ಆದರೂ ಸಿಗದಿದ್ದರೆ ಅರ್ಧ ಮಿ.ಲೀ. ದ್ರವ ಬಿಟ್ಟು ನೋಡಿ. ಕಪ್ಪು ಗುಳ್ಳೆ ಎಲ್ಲಿ ಅರಳಿತೋ ಅಲ್ಲಿ ತುದಿ.

ಸ್ನೇಹಿತರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಅವರು ಆಗಾಗ "ತುದಿ ಎಲ್ಲಿ?" ಅಂತ ಕೇಳಬೇಕು. ನೀವು ಪರದೆಯಲ್ಲಿ ತೋರಿಸಬೇಕು. ತೋರಿಸಲು ಆಗದಿದ್ದರೆ ಸೂಜಿ ಮುಂದಕ್ಕೆ ಹೋಗುವ ಹಾಗಿಲ್ಲ.

ರೋಗಿಯ ಮೇಲೆ ಮೊದಲ ಕೆಲಸ

ಬ್ಲಾಕ್‌ಗಿಂತ ಮೊದಲು ರಕ್ತನಾಳ. ಸೆಂಟ್ರಲ್ ಲೈನ್‌ಗೆ (ದೊಡ್ಡ ಅಭಿಧಮನಿಗೆ ಹಾಕುವ ಕೊಳವೆ) ಅಲ್ಟ್ರಾಸೌಂಡ್ ಬಳಸಿ ಅಂತ ಬ್ರಿಟನ್ನಿನ ನೈಸ್ ಸಂಸ್ಥೆ 2002ರಲ್ಲೇ ಹೇಳಿತ್ತು. ಕತ್ತಿನ ಇಂಟರ್ನಲ್ ಜುಗುಲಾರ್ ಅಭಿಧಮನಿಯಲ್ಲಿ ಹೊಸಬರು ಕಲಿಯಬೇಕಾದ್ದೆಲ್ಲ ಇದೆ. ಒತ್ತಿದರೆ ಅಭಿಧಮನಿ ಮುಚ್ಚುತ್ತದೆ, ಅಪಧಮನಿ ಮಿಡಿಯುತ್ತಲೇ ಇರುತ್ತದೆ. ತಲೆಯನ್ನು ತೀರಾ ಪಕ್ಕಕ್ಕೆ ತಿರುಗಿಸಿದರೆ ಅಭಿಧಮನಿ ಅಪಧಮನಿಯ ಮೇಲೆ ಬಂದು ಕೂರುತ್ತದೆ. ಆಗ ಹಿಂಗೋಡೆ ದಾಟಿದರೆ ನೇರ ಕೆರೋಟಿಡ್. ಆದ್ದರಿಂದ ಸ್ವಲ್ಪವೇ ತಿರುಗಿಸಿ, ಪರದೆ ನೋಡಿಕೊಂಡು ಜಾಗ ಆರಿಸಿ.

ಅಡ್ಡನೋಟದಲ್ಲಿ ಮಾಡುವಾಗ ತುದಿ ಒಂದು ಚುಕ್ಕೆಯಾಗಿ ಕಾಣುತ್ತದೆ. ಚುಕ್ಕೆ ಕಂಡ ತಕ್ಷಣ ನಿಲ್ಲಿಸಿ, ಪ್ರೋಬ್ ಸ್ವಲ್ಪ ಮುಂದೆ ಜಾರಿಸಿ ಚುಕ್ಕೆ ಮಾಯವಾಗುವಂತೆ ಮಾಡಿ, ಮತ್ತೆ ಸೂಜಿ ಸ್ವಲ್ಪ ಮುಂದೆ. ಹೀಗೆ ಪ್ರೋಬ್ ಮುಂದೆ, ಸೂಜಿ ಹಿಂದೆ. ಗೈಡ್‌ವೈರ್ ಹಾಕಿದ ಮೇಲೆ ಡೈಲೇಟರ್ (ದಾರಿ ಅಗಲ ಮಾಡುವ ದಪ್ಪ ಕೊಳವೆ) ಮುಟ್ಟುವ ಮೊದಲು ವೈರ್ ಅಭಿಧಮನಿಯ ಒಳಗೇ ಇದೆ ಅಂತ ಅಡ್ಡ ಮತ್ತು ಉದ್ದ ಎರಡೂ ನೋಟದಲ್ಲಿ ನೋಡಿ. ಅಪಧಮನಿಗೆ ಸೂಜಿ ಚುಚ್ಚಿದರೆ ಸರಿಪಡಿಸಬಹುದು. ಡೈಲೇಟರ್ ಹೋದರೆ ಅದು ದೊಡ್ಡ ಅನಾಹುತ. ಈ ಒಂದು ನೋಟಕ್ಕೆ ಅರ್ಧ ನಿಮಿಷವೂ ಬೇಡ. ಯಾರು ಎಷ್ಟೇ ಅವಸರ ಮಾಡಲಿ, ಬಿಡಬೇಡಿ. ಕ್ರಿಮಿರಹಿತ ಕವರ್, ಕ್ರಿಮಿರಹಿತ ಜೆಲ್ ಎರಡೂ ಬೇಕು. ಕವರ್ ಇದೆ, ಜೆಲ್ ಬಾಟಲಿಯದ್ದೇ ಪರವಾಗಿಲ್ಲ ಅನ್ನುವುದು ಸರಿಯಲ್ಲ.

ಬ್ಲಾಕ್‌ಗಳು, ಯಾವುದು ಮೊದಲು

ಬ್ರಿಟನ್ನಿನ ತಜ್ಞರು 2020ರಲ್ಲಿ ಒಂದು ಒಳ್ಳೆಯ ವಿಚಾರ ಮುಂದಿಟ್ಟರು. ಎಲ್ಲರೂ ನೂರೆಂಟು ಬ್ಲಾಕ್ ಕಲಿಯಬೇಕಿಲ್ಲ. ಹೆಚ್ಚು ಉಪಯೋಗಕ್ಕೆ ಬರುವ 7 ಬ್ಲಾಕ್‌ಗಳನ್ನು ಎಲ್ಲ ಅರಿವಳಿಕೆ ವೈದ್ಯರೂ ಚೆನ್ನಾಗಿ ಕಲಿಯಲಿ. ಪ್ಲಾನ್ ಎ ಬ್ಲಾಕ್‌ಗಳು ಅಂತ ಹೆಸರು. ಇಂಟರ್‌ಸ್ಕೇಲೀನ್, ಆಕ್ಸಿಲರಿ, ಫೀಮೊರಲ್, ಅಡಕ್ಟರ್ ಕೆನಾಲ್, ಮಂಡಿ ಹಿಂದಿನ ಸಯಾಟಿಕ್, ಇರೆಕ್ಟರ್ ಸ್ಪೈನೆ ಮತ್ತು ರೆಕ್ಟಸ್ ಶೀತ್. ಪಟ್ಟಿ ನಮಗೂ ಹೊಂದುತ್ತದೆ. ವಾರಕ್ಕೊಂದು ಹೊಸ ಬ್ಲಾಕ್ ಬರುವ ಕಾಲದಲ್ಲಿ ಇಂಥ ಸಂಯಮ ಪಿಜಿಗಳಿಗೆ ತುಂಬ ಬೇಕು.

ಶುರು ಮಾಡಲು ನಾನು ಹೇಳುವುದು ಫೀಮೊರಲ್. ನಮ್ಮ ಆರ್ಥೋ ವಾರ್ಡ್‌ಗಳಲ್ಲಿ ತೊಡೆಮೂಳೆ ಮುರಿದ ವಯಸ್ಸಾದವರು ಸದಾ ಇರುತ್ತಾರೆ. ಸ್ಪೈನಲ್‌ಗೆ ಅವರನ್ನು ಎದ್ದು ಕೂರಿಸುವಾಗ ಆಗುವ ನೋವು ನೋಡಿದವರಿಗೇ ಗೊತ್ತು. ಮೊದಲು ಬ್ಲಾಕ್ ಕೊಟ್ಟು, ಕಾದು, ಆಮೇಲೆ ಕೂರಿಸಿ. ಅಜ್ಜಿ ನಿಮಗೆ ಆಶೀರ್ವಾದ ಮಾಡುತ್ತಾರೆ. ಫೀಮೊರಲ್ ಅಪಧಮನಿಯ ಹೊರಬದಿಗೆ, ಫ್ಯಾಸಿಯ ಇಲಿಯಾಕ ಪದರದ ಕೆಳಗೆ ನರ ಇರುತ್ತದೆ. ಒಂದು ಅಪಧಮನಿ ಎರಡಾಗಿ ಕಂಡರೆ ನೀವು ಕೆಳಗೆ ಇಳಿದಿದ್ದೀರಿ, ಮೇಲಕ್ಕೆ ಬನ್ನಿ. ಔಷಧ ಆ ಪದರದ ಕೆಳಗೇ ಹರಡಬೇಕು. ಮೇಲೆ ಹರಡಿದರೆ ಎಷ್ಟು ಕೊಟ್ಟರೂ ವ್ಯರ್ಥ.

ಕೈಗೆ ಮೊದಲು ಆಕ್ಸಿಲರಿ ಕಲಿಯಿರಿ. ಪ್ಲೂರಾ ದೂರ ಇದೆ, ರಕ್ತ ಬಂದರೂ ಒತ್ತಿ ಹಿಡಿಯಬಹುದು. ನೀವು ನಿಮ್ಮ ಕೈಯಲ್ಲೇ ಹಿಂಬಾಲಿಸಿದ ಮೂರು ನರಗಳೇ ಇಲ್ಲಿವೆ, ಜೊತೆಗೆ ಮಸ್ಕ್ಯುಲೋಕ್ಯುಟೇನಿಯಸ್. ಅದು ಪಕ್ಕದ ಮಾಂಸದೊಳಗೆ ಬೇರೆಯಾಗಿ ಕೂತಿರುತ್ತದೆ, ಅದಕ್ಕೆ ಬೇರೆಯಾಗಿಯೇ ಕೊಡಬೇಕು.

ಸುಪ್ರಾಕ್ಲಾವಿಕುಲರ್ ನಮ್ಮ ಕಡೆ ಎಲ್ಲರ ಮೆಚ್ಚಿನ ಬ್ಲಾಕ್. ಪಿಸಿಪಿಎನ್‌ಡಿಟಿ ಕಾಯ್ದೆ ಬಂದ ಅದೇ 1994ರಲ್ಲಿ ವಿಯೆನ್ನಾದ ವೈದ್ಯರು ಈ ಬ್ಲಾಕ್ ಅನ್ನು ಅಲ್ಟ್ರಾಸೌಂಡ್ ನೋಡಿಕೊಂಡು ಮಾಡಿ ಪ್ರಕಟಿಸಿದ್ದರು. ಬೇಗ ಹಿಡಿಯುತ್ತದೆ, ಮೊಣಕೈಯಿಂದ ಕೆಳಗೆ ಪೂರ್ತಿ ಮರಗಟ್ಟುತ್ತದೆ. ಆದರೆ ಪ್ಲೂರಾ ಇಲ್ಲಿ ನರಗಳಿಂದ ಒಂದೆರಡು ಸೆಂಟಿಮೀಟರ್ ಅಷ್ಟೆ. ಆದ್ದರಿಂದ ಸೂಜಿ ಎತ್ತುವ ಮೊದಲು ನಾಲ್ಕು ವಸ್ತುಗಳನ್ನು ಬೆರಳಿಟ್ಟು ತೋರಿಸಲು ಬರಬೇಕು: ಸಬ್‌ಕ್ಲೇವಿಯನ್ ಅಪಧಮನಿ, ಅದರ ಹೊರಬದಿಯ ನರಗಳ ಗೊಂಚಲು, ಮೊದಲ ಪಕ್ಕೆಲುಬು, ಪ್ಲೂರಾ. ಪಕ್ಕೆಲುಬು ಮತ್ತು ಪ್ಲೂರಾ ಎರಡೂ ಬಿಳಿ ಗೆರೆಗಳೇ. ಪಕ್ಕೆಲುಬಿನ ಕೆಳಗೆ ಗಾಢ ಕಪ್ಪು ನೆರಳು. ಪ್ಲೂರಾದ ಕೆಳಗೆ ಮಿನುಗುವ ಬೂದು, ಉಸಿರಿನ ಜೊತೆ ಗೆರೆ ಜಾರುತ್ತದೆ. ನಿಮ್ಮ ಸೂಜಿಯ ದಾರಿಯ ಕೊನೆಗೆ ಪಕ್ಕೆಲುಬು ಇರುವ ಹಾಗೆ ಪ್ರೋಬ್ ಸರಿಮಾಡಿಕೊಳ್ಳಿ, ಪ್ಲೂರಾ ಅಲ್ಲ.

ಆಮೇಲೆ ಕಲರ್ ಡಾಪ್ಲರ್ ಹಾಕಿ ಒಮ್ಮೆ ನೋಡಿ. ಡಾರ್ಸಲ್ ಸ್ಕ್ಯಾಪುಲರ್ ಅಥವಾ ಟ್ರಾನ್ಸ್‌ವರ್ಸ್ ಸರ್ವೈಕಲ್ ಅಪಧಮನಿ ಗೊಂಚಲಿನ ನಡುವೆಯೇ ಹಾದುಹೋಗುವುದು ಸಾಮಾನ್ಯ. ಬೂದು ಚಿತ್ರದಲ್ಲಿ ಅವು ಕಪ್ಪು ಚುಕ್ಕೆಗಳು, ನರದ ಹಾಗೇ ಕಾಣುತ್ತವೆ. ಎರಡನೇ ವರ್ಷದ ಕೊನೆಗೆ ಮುಂಚೆ ಈ ಬ್ಲಾಕ್‌ನಲ್ಲಿ ಸೂಜಿ ಹಿಡಿಯಲು ಅವಸರ ಬೇಡ ಅನ್ನುವುದು ನನ್ನ ಅಭಿಪ್ರಾಯ. ಸ್ಕ್ಯಾನ್ ಮಾತ್ರ ಮೊದಲ ತಿಂಗಳಿಂದಲೇ ಮಾಡಿ.

ಇಂಟರ್‌ಸ್ಕೇಲೀನ್ ಬಗ್ಗೆ ಒಂದೇ ಎಚ್ಚರಿಕೆ. ಮಾಮೂಲಿ ಪ್ರಮಾಣದ ಔಷಧ ಕೊಟ್ಟರೆ ಆ ಬದಿಯ ಫ್ರೆನಿಕ್ ನರ (ಉಸಿರಾಟದ ವಪೆಯನ್ನು ಆಡಿಸುವ ನರ) ಬಹುತೇಕ ಎಲ್ಲರಲ್ಲೂ ಮಂಕಾಗುತ್ತದೆ. ಶ್ವಾಸಕೋಶ ಕೆಟ್ಟಿರುವವರಿಗೆ ಇದನ್ನು ಕೊಡುವ ಮೊದಲು ಎರಡು ಸಲ ಯೋಚಿಸಿ.

ಟೇಬಲ್ ಬಳಿ ಕನ್ಸಲ್ಟಂಟ್ ಜೊತೆ ಮೊದಲೇ ಮಾತಾಡಿಕೊಳ್ಳಿ. ರೋಗಿ ಎಚ್ಚರವಾಗಿರುತ್ತಾರೆ. "ಅಯ್ಯೋ, ಅಲ್ಲಿ ಬೇಡ" ಅಂತ ಕೂಗಿದರೆ ಅವರಿಗೆ ಗಾಬರಿ. ನಾವು ಮೂರು ಮಾತು ಇಟ್ಟುಕೊಂಡಿದ್ದೇವೆ. "ತುದಿ" ಅಂದರೆ ತುದಿ ತೋರಿಸು. "ನಿಲ್ಲು" ಅಂದರೆ ಎರಡೂ ಕೈ ಕದಲಬಾರದು. "ಒಂದು" ಅಂದರೆ ಒಂದು ಮಿ.ಲೀ. ಮಾತ್ರ ಹಾಕಿ ಹರಡುವುದು ನೋಡು. ಬ್ಲಾಕ್‌ಗೆ ಮುಂಚೆ ಯಾವ ಬದಿ ಅಂತ ರೋಗಿಯನ್ನೇ ಕೇಳಿ, ಗುರುತು ನೋಡಿ, ಸೂಜಿ ಚುಚ್ಚುವ ಕ್ಷಣಕ್ಕೆ ಮತ್ತೊಮ್ಮೆ ನೋಡಿ. ತಪ್ಪು ಬದಿಯ ಬ್ಲಾಕ್ ಅನುಭವಿಗಳ ಕೈಯಲ್ಲೂ ಆಗುತ್ತದೆ.

ಔಷಧ ಹೋಗುವಾಗ ರೋಗಿಗೆ ಚುಳುಕು ನೋವು ಬಂದರೆ, ಸಿರಿಂಜ್ ಗಟ್ಟಿಯಾದರೆ, ನರ ಉಬ್ಬಿದರೆ ನಿಲ್ಲಿಸಿ. ಪರದೆಯಲ್ಲಿ ಹರಡುವುದೇ ಕಾಣದಿದ್ದರೆ ಇನ್ನೂ ಬೇಗ ನಿಲ್ಲಿಸಿ. ತುದಿ ರಕ್ತನಾಳದ ಒಳಗೆ ಇರಬಹುದು. ನರ್ವ್ ಸ್ಟಿಮ್ಯುಲೇಟರ್ (ಸೂಜಿಯ ಮೂಲಕ ಸಣ್ಣ ವಿದ್ಯುತ್ ಕೊಡುವ ಉಪಕರಣ) ಇದ್ದರೆ ಜೊತೆಗೆ ಬಳಸಿ. 0.2 ಮಿಲಿಆಂಪ್ ಅಥವಾ ಅದಕ್ಕೂ ಕಡಿಮೆಯಲ್ಲಿ ಮಾಂಸ ಕುಣಿದರೆ ಸೂಜಿ ನರದೊಳಗಿದೆ ಅಂತ ಅನುಮಾನಿಸಿ ಹಿಂದೆ ಬನ್ನಿ.

ಔಷಧದ ಲೆಕ್ಕ ಕಾಗದದ ಮೇಲೆ

ಅಲ್ಟ್ರಾಸೌಂಡ್ ಇದ್ದರೆ ಮರಗಟ್ಟಿಸುವ ಔಷಧದ ವಿಷ ಏರುವುದಿಲ್ಲ ಅನ್ನುವ ನಂಬಿಕೆ ತಪ್ಪು. 50 ಕೆ.ಜಿ. ತೂಕದವರನ್ನು ತೆಗೆದುಕೊಳ್ಳಿ. ಬ್ಯುಪಿವಕೇನ್ ಕೆ.ಜಿ.ಗೆ 2 ಮಿ.ಗ್ರಾಂ. ಲೆಕ್ಕದಲ್ಲಿ ಮಿತಿ 100 ಮಿ.ಗ್ರಾಂ. ಅಂದರೆ 0.5 ಶೇಕಡಾದ್ದು 20 ಮಿ.ಲೀ. ಅಡ್ರಿನಲಿನ್ ಇರುವ ಲಿಗ್ನೊಕೇನ್‌ಗೆ ಕೆ.ಜಿ.ಗೆ 7 ಮಿ.ಗ್ರಾಂ., ಮಿತಿ 350.

ನಮ್ಮಲ್ಲಿ ಎರಡನ್ನೂ ಬೆರೆಸಿ ಕೊಡುವುದು ರೂಢಿ. ಬ್ಯುಪಿವಕೇನ್ 10 ಮಿ.ಲೀ. ಹಾಕಿದರೆ 50 ಮಿ.ಗ್ರಾಂ., ಅದರ ಮಿತಿಯ ಅರ್ಧ. 2 ಶೇಕಡಾ ಲಿಗ್ನೊಕೇನ್ 10 ಮಿ.ಲೀ. ಹಾಕಿದರೆ 200 ಮಿ.ಗ್ರಾಂ., ಅದರ ಮಿತಿಯ ಅರ್ಧಕ್ಕಿಂತ ಜಾಸ್ತಿ. ಎರಡರ ವಿಷ ಒಂದಕ್ಕೊಂದು ಕೂಡುತ್ತದೆ. ಒಟ್ಟು 20 ಮಿ.ಲೀ.ಗೇ ಮಿತಿ ಸ್ವಲ್ಪ ದಾಟಿತು! 30 ಮಿ.ಲೀ. ಮಿಶ್ರಣ ಎಲ್ಲರಿಗೂ ಅನ್ನುವ ಅಭ್ಯಾಸ ನಮ್ಮ ತೂಕದ ರೋಗಿಗಳಿಗೆ ಎಷ್ಟು ಅಪಾಯ ಅಂತ ಇಲ್ಲೇ ಗೊತ್ತಾಗುತ್ತದೆ. ಔಷಧ ಎಲ್ಲಿ ಹರಡುತ್ತಿದೆ ಅಂತ ಕಾಣುವಾಗ ಕಡಿಮೆಯೇ ಸಾಕಾಗುತ್ತದೆ.

ವಿಷ ಏರಿದರೆ ಕೊಡುವ 20 ಶೇಕಡಾ ಲಿಪಿಡ್ ಎಮಲ್ಷನ್ ಎಲ್ಲಿದೆ ಅಂತ ಬ್ಲಾಕ್‌ಗೆ ಮೊದಲೇ ನೋಡಿಕೊಳ್ಳಿ. ಕೆ.ಜಿ.ಗೆ 1.5 ಮಿ.ಲೀ., ಅಂದರೆ ಈ ರೋಗಿಗೆ 75 ಮಿ.ಲೀ., ಎರಡು ಮೂರು ನಿಮಿಷದಲ್ಲಿ ಹೋಗಬೇಕು. ಆಮೇಲೆ ನಿಮಿಷಕ್ಕೆ ಕೆ.ಜಿ.ಗೆ 0.25 ಮಿ.ಲೀ. ಇನ್‌ಫ್ಯೂಷನ್. ಪ್ರೊಪೊಫಾಲ್ ಅದೇ ಥರ ಬೆಳ್ಳಗಿದ್ದರೂ ಅದಕ್ಕೆ ಬದಲಿ ಅಲ್ಲ.

ಹೊಟ್ಟೆ, ಶ್ವಾಸಕೋಶ, ಬೆನ್ನು

ಇವಕ್ಕೆ ಸೂಜಿ ಬೇಡ. ಆದ್ದರಿಂದ ಮೊದಲ ವರ್ಷದಲ್ಲೇ ಧಾರಾಳವಾಗಿ ಅಭ್ಯಾಸ ಮಾಡಬಹುದು.

ತುರ್ತು ಕೇಸ್‌ನವರು "ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಅಂದಾಗ ನಿಜವಾಗಿ ಹೊಟ್ಟೆ ಖಾಲಿಯೇ ಅಂತ ನೋಡಬಹುದು. ಬಲ ಮಗ್ಗುಲಿಗೆ ಮಲಗಿಸಿ, ಎದೆಗೂಡಿನ ಕೆಳಗೆ ನಡುವೆ ಕರ್ವ್ಡ್ ಪ್ರೋಬ್ ಉದ್ದವಾಗಿ ಇಡಿ. ಮುಂದೆ ಯಕೃತ್ತಿನ ಎಡಭಾಗ, ಹಿಂದೆ ಮೇದೋಜೀರಕ, ಆಳದಲ್ಲಿ ಅಯೋರ್ಟ. ನಡುವೆ ಆಂಟ್ರಮ್ (ಜಠರದ ಕೆಳಭಾಗ). ಖಾಲಿ ಇದ್ದರೆ ಸಣ್ಣ ಉಂಗುರ. ಗಟ್ಟಿ ಆಹಾರ ಕಂಡರೆ ಲೆಕ್ಕವೇ ಬೇಡ, ಅದು ತುಂಬಿದ ಹೊಟ್ಟೆ. ನೀರಿನಂಥದ್ದು ಇದ್ದರೆ ಹೊರಗೋಡೆ ಸೇರಿಸಿ ವಿಸ್ತೀರ್ಣ ಅಳೆಯಿರಿ. ವಿಸ್ತೀರ್ಣವನ್ನು 14.6ರಿಂದ ಗುಣಿಸಿ, 27 ಕೂಡಿಸಿ, ವಯಸ್ಸನ್ನು 1.28ರಿಂದ ಗುಣಿಸಿ ಕಳೆಯಿರಿ. 40 ವರ್ಷದವರಿಗೆ 6 ಚದರ ಸೆಂ.ಮೀ. ಬಂದರೆ ಸುಮಾರು 63 ಮಿ.ಲೀ. ತೂಕ 60 ಕೆ.ಜಿ. ಆದರೆ ಕೆ.ಜಿ.ಗೆ 1.5 ಮಿ.ಲೀ. ಮಿತಿಯ ಒಳಗೇ ಇದೆ. ಇದು ಗರ್ಭಿಣಿಯರಲ್ಲದ ದೊಡ್ಡವರ ಲೆಕ್ಕ.

ಶ್ವಾಸಕೋಶಕ್ಕೆ ಎರಡು ಪಕ್ಕೆಲುಬಿನ ನಡುವಿನ ಗೆರೆ ಜಾರುತ್ತಿದೆಯೇ ನೋಡುವುದೇ ಮೊದಲ ಪಾಠ. ಪ್ರತಿ ಇಂಟ್ಯುಬೇಷನ್ ನಂತರ ಎರಡೂ ಬದಿ ನೋಡಿ. ಎಡಗಡೆ ಜಾರುತ್ತಿಲ್ಲ, ಹೃದಯದ ಬಡಿತಕ್ಕೆ ಮಾತ್ರ ಗೆರೆ ಕಂಪಿಸುತ್ತಿದೆ ಅಂದರೆ ಟ್ಯೂಬ್ ಬಲಕ್ಕೆ ಇಳಿದಿರಬಹುದು. ಸಾವಿರಾರು ಸಲ ಸಹಜವಾದದ್ದನ್ನು ನೋಡಿದ ಕಣ್ಣಿಗೆ ಅಸಹಜ ತಕ್ಷಣ ಗೊತ್ತಾಗುತ್ತದೆ.

ಬೆನ್ನು ಮುಟ್ಟಿ ಸ್ಪೈನಲ್ ಮಟ್ಟ ಹೇಳುವುದು ನಾವು ಅಂದುಕೊಂಡಷ್ಟು ನಿಖರವಲ್ಲ. 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರಿವಳಿಕೆ ವೈದ್ಯರು ಸರಿಯಾದ ಮಟ್ಟ ಹೇಳಿದ್ದು 29 ಶೇಕಡಾ ಮಾತ್ರ. ಎಂಆರ್‌ಐ ಜೊತೆ ಹೋಲಿಸಿದಾಗ ಬಹುತೇಕ ಅವರು ಅಂದುಕೊಂಡದ್ದಕ್ಕಿಂತ ಮೇಲೆ ಇದ್ದರು. ದಪ್ಪಗಿರುವವರಲ್ಲಿ, ಬೆನ್ನು ಬಾಗಿದವರಲ್ಲಿ ಸೇಕ್ರಮ್‌ನಿಂದ (ಬೆನ್ನುಮೂಳೆಯ ಬುಡದ ಮೂಳೆ) ಮೇಲಕ್ಕೆ ಎಣಿಸುತ್ತಾ ಬಂದು ಪೆನ್ನಿನಿಂದ ಗುರುತು ಹಾಕಿ. ಚರ್ಮದಿಂದ ಎಷ್ಟು ಆಳ ಅಂತಲೂ ಅಳೆದುಕೊಳ್ಳಿ.

ಲಾಗ್‌ಬುಕ್ ಮತ್ತು ಜಿಲ್ಲಾಸ್ಪತ್ರೆಯ ಮೂರು ತಿಂಗಳು

ಎಷ್ಟು ಬ್ಲಾಕ್ ಮಾಡಿದಿರಿ ಅನ್ನುವ ಸಂಖ್ಯೆ ಪರೀಕ್ಷೆಗೆ ಬೇಕು. ಕಲಿಕೆಗೆ ಬೇರೆ ವಿಷಯ ಬರೆದುಕೊಳ್ಳಿ. ತುದಿ ಪೂರ್ತಿ ಸಮಯ ಕಂಡಿತೇ? ಎಷ್ಟು ಸಲ ಸೂಜಿ ಹಿಂದಕ್ಕೆ ತೆಗೆದಿರಿ? ಕನ್ಸಲ್ಟಂಟ್ ಕೈ ಹಾಕಬೇಕಾಯಿತೇ, ಯಾವ ಹಂತದಲ್ಲಿ? 10, 20, 30 ನಿಮಿಷಕ್ಕೆ ಯಾವ ನರ ಹಿಡಿದಿತ್ತು? ಮರುದಿನ ವಾರ್ಡ್‌ಗೆ ಹೋಗಿ ಶಕ್ತಿ, ಸ್ಪರ್ಶ ಎಲ್ಲ ಮರಳಿದೆಯೇ ನೋಡಿದಿರಾ? ಈ ಕೊನೆಯದನ್ನು ಬಹಳ ಜನ ಬಿಡುತ್ತಾರೆ. ವಿಭಾಗ ಒಪ್ಪಿದರೆ ರೋಗಿಯ ಹೆಸರಿಲ್ಲದ ಚಿಕ್ಕ ಕ್ಲಿಪ್ ಮಷಿನ್‌ನಲ್ಲೇ ಉಳಿಸಿ, ಲಿಸ್ಟ್ ಮುಗಿದ ಮೇಲೆ ಕನ್ಸಲ್ಟಂಟ್ ಜೊತೆ ಕೂತು ನೋಡಿ. ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಹಿಡಿಯದ ಬ್ಲಾಕ್‌ನ ಕ್ಲಿಪ್‌ನಲ್ಲಿ ಕಲಿಯುವುದು ಹೆಚ್ಚು. ಔಷಧ ಪದರದ ಮೇಲೆ ಹೋಗಿತ್ತು, ಅಥವಾ ಮಾಂಸದೊಳಗೆ ಹರಡಿತ್ತು ಅಂತ ಸಾಮಾನ್ಯವಾಗಿ ಅಲ್ಲೇ ಕಾಣುತ್ತದೆ.

ಅಕಾಡೆಮಿ ಆಫ್ ರೀಜನಲ್ ಅನಸ್ತೇಷಿಯಾ ಆಫ್ ಇಂಡಿಯಾ, ಅಂದರೆ ಆವೋರಾ, ನಡೆಸುವ ವರ್ಕ್‌ಶಾಪ್‌ಗಳಿಗೆ ಹೋಗಿ. ಆದರೆ ಕೈ ಮೇಲೆ ಮೂರು ನರ ಹಿಂಬಾಲಿಸಲು ಬಂದ ಮೇಲೆ ಹೋಗಿ. ಆಗ ಅಲ್ಲಿಯ ಶಿಕ್ಷಕರ ಹತ್ತಿರ ಕೇಳಲು ನಿಮ್ಮಲ್ಲಿ ಪ್ರಶ್ನೆಗಳಿರುತ್ತವೆ.

ಎಂ.ಡಿ. ನಡುವೆ ಮೂರು ತಿಂಗಳು ಜಿಲ್ಲಾಸ್ಪತ್ರೆಗೆ ಹೋಗಬೇಕಲ್ಲ, ಅದಕ್ಕೆ ಮೊದಲೇ ತಯಾರಾಗಿ. ಅಲ್ಲಿ ಅರಿವಳಿಕೆಗೆ ಅಂತ ಬೇರೆ ಮಷಿನ್ ಇಲ್ಲದಿರಬಹುದು. ಇರುವುದು ರೇಡಿಯಾಲಜಿ ಕೋಣೆಯಲ್ಲಿ ಮಾತ್ರ ಇರಬಹುದು, ಅದನ್ನು ಓಟಿಗೆ ತರಲು ಅನುಮತಿ ಸಿಗದಿರಬಹುದು. ಆದ್ದರಿಂದ ಕೈಯಿಂದ ಮುಟ್ಟಿ ಜಾಗ ಹುಡುಕುವ ಹಳೆಯ ವಿಧಾನವನ್ನೂ ಕಲಿತಿರಬೇಕು. ಕಾಲೇಜಿನಲ್ಲಿ ಇರುವಾಗಲೇ ಒಂದು ಕ್ರಮ ರೂಢಿಸಿಕೊಳ್ಳಿ: ಮೊದಲು ಬೆರಳಿನಿಂದ ಅಪಧಮನಿ, ಮೂಳೆ, ಸಂದಿ ಹುಡುಕಿ ಚರ್ಮದ ಮೇಲೆ ಗುರುತು ಹಾಕಿ. ಆಮೇಲೆ ಪ್ರೋಬ್ ಇಟ್ಟು ನಿಮ್ಮ ಗುರುತು ನರದಿಂದ ಎಷ್ಟು ದೂರ ಇತ್ತು ಅಂತ ನೋಡಿ. ಜಿಲ್ಲಾಸ್ಪತ್ರೆಗೆ ಹೊರಡುವ ಹೊತ್ತಿಗೆ ನಿಮ್ಮ ಬೆರಳಿಗೂ ಆ ಜಾಗ ಗೊತ್ತಿರುತ್ತದೆ.